ಫೀಡೋವಿನ ಕಳಂಕವೂ ‘ಜೋಪಿರಸ್’ ಸಂವಾದವೂ

ಹಣಕ್ಕೆ ದೇಹವನ್ನು ಒಪ್ಪಿಸಿದ ಗಂಡಸಿಗೆ ಪ್ರಾಚೀನ ಅಥೆನ್ಸಿನಲ್ಲಿ ಅಂಟುತ್ತಿದ್ದ ಕಳಂಕವನ್ನು ವಿಚಾರಿಸುವವರು ಸಾಮಾನ್ಯವಾಗಿ ಈಸ್ಕಿನೀಸನು ಕ್ರಿ. ಪೂ. 346-45ರಲ್ಲಿ ಟಿಮಾರ್ಕಸನ ವಿರುದ್ಧ ಮಾಡಿದ ಭಾಷಣವನ್ನೇ ಆಧಾರವಾಗಿ ಹಿಡಿಯುವರು. ಅದು ಅಪೂರ್ವವಾದ ಸಾಮಗ್ರಿಯೆಂಬುದು ನಿಜ. ಈ ವೃತ್ತಿಯವರಿಂದ ನಗರವು ತೆರಿಗೆಯೆತ್ತುತ್ತಿದ್ದಿತು. ಆ ತೆರಿಗೆಯನ್ನು ವರ್ಷವರ್ಷವೂ ಗುತ್ತಿಗೆಗೆ ಕೊಡುತ್ತಿದ್ದಿತು. ಆದರೆ ಪೌರನಾದವನು ಅದೇ ವೃತ್ತಿಯಲ್ಲಿದ್ದು ಬಳಿಕ ಸಭೆಯಲ್ಲಿ ಮಾತನಾಡಲೆದ್ದರೆ ಶಿಕ್ಷೆಗೆ ಗುರಿಯಾಗುವನು. ಕಳಂಕದ ಪೆಟ್ಟು ಬಿದ್ದುದು ನಾಲಗೆಯ ಮೇಲೆ. ನೇರವಾದ ಸಾಕ್ಷ್ಯ ಸಾಲದಿರಲು ಈಸ್ಕಿನೀಸನು ವದಂತಿಯನ್ನೇ ದೇವತೆಯೆಂದು ಕರೆದು, ಆಕೆಗೆ ಪೌರರು ಬಲಿಪೀಠ ಕಟ್ಟಿರುವರೆಂದು ನೆನಪಿಸುವನು! ಟಿಮಾರ್ಕಸನು ಸೋತು ಪೌರಹಕ್ಕನ್ನು ಕಳೆದುಕೊಂಡನು. ಅವನ ಉತ್ತರವು ಉಳಿದುಬಂದಿಲ್ಲ. ಹೀಗಾಗಿ ಈ ಭಾಷಣದಿಂದ ತಿಳಿಯುವುದು ಹಳಿದವರ ಮನಸ್ಸು ಮಾತ್ರ.

ಹಳಿಸಿಕೊಂಡವನ ಮನಸ್ಸಿನ ಸುಳಿವು ದೊರೆಯುವುದು ಫೀಡೋವಿನಲ್ಲಿ. ಪ್ಲೇಟೋವಿನ ಸಂವಾದದಲ್ಲಿ ಸಾಕ್ರಟೀಸನ ಕಡೆಯ ದಿನವನ್ನು ಬಣ್ಣಿಸುವವನು ಇವನೇ. ಈಲಿಸಿನ ಕುಲೀನನಾದ ಇವನು ಊರು ಶತ್ರುವಶವಾದಾಗ ಸೆರೆಸಿಕ್ಕು ಅಥೆನ್ಸಿನ ವೇಶ್ಯಾಗೃಹವೊಂದರಲ್ಲಿ ಬಲಾತ್ಕಾರವಾಗಿ ಇರಿಸಲ್ಪಟ್ಟನೆಂದೂ, ಸಾಕ್ರಟೀಸನ ಮಾತಿನಂತೆ ಸ್ನೇಹಿತರು ಹಣ ತೆತ್ತು ಬಿಡಿಸಿದರೆಂದೂ ಡಯೋಜಿನೀಸ್ ಲೇರ್ಶಿಯಸನು ಬರೆದಿರುವನು. ಪ್ಲೇಟೋ ತನ್ನ ಸಂವಾದದಲ್ಲಿ ಇದನ್ನು ಎತ್ತುವುದೇ ಇಲ್ಲ. ಅದು ದಾಕ್ಷಿಣ್ಯವಿದ್ದೀತು. ಫೀಡೋ ತಾನಾಗಿ ಮೌನವನ್ನು ಆರಿಸಿಕೊಂಡಂತೆ ತೋರುವುದಿಲ್ಲ.

ಅವನು ರಚಿಸಿದ ‘ಜೋಪಿರಸ್’ ನಷ್ಟವಾಗಿದೆ. ಅದರ ವಸ್ತುವೆಂದು ವಿದ್ವಾಂಸರು ಬಗೆಯುವ ಪ್ರಸಂಗವು ಸಿಸೆರೋವಿನಲ್ಲಿದೆ. ಜೋಪಿರಸನೆಂಬ ಮುಖಲಕ್ಷಣಜ್ಞನು ಸಾಕ್ರಟೀಸನನ್ನು ನೋಡಿ, ಇವನು ಮಂದಬುದ್ಧಿ, ಸ್ತ್ರೀಲೋಲ ಎನ್ನುವನು. ನೆರೆದವರು ನಗುವರು. ಸಾಕ್ರಟೀಸನಾದರೋ ಆ ದೋಷಗಳು ಹುಟ್ಟಿನಿಂದ ತನ್ನಲ್ಲಿದ್ದುವೆಂದೂ ವಿವೇಕದಿಂದ ಅವನ್ನು ನೀಗಿದೆನೆಂದೂ ಜೋಪಿರಸನ ಪರವಾಗಿಯೇ ನುಡಿಯುವನು.

ಇದನ್ನು ಲಕ್ಷಣಶಾಸ್ತ್ರದ ಚಮತ್ಕಾರವೆಂದು ಓದಿಬಿಟ್ಟರೆ ಸಾಲದು. ಬರೆದವನು ಯಾರೆಂಬುದನ್ನು ನೆನೆಯಬೇಕು. ಗುರುತು ಇದೆಯೆಂದು ಒಪ್ಪಿ, ಅದರಿಂದ ಮನುಷ್ಯನ ಬೆಲೆ ಕಟ್ಟುವ ಹಕ್ಕು ನೋಡುವವನಿಗಿಲ್ಲವೆಂದು ಇಲ್ಲಿ ಸಾಧಿಸಿದೆ. ಟಿಮಾರ್ಕಸನಿಗೆ ಸಭೆಯಲ್ಲಿ ಇಲ್ಲವಾದ ನಾಲಗೆ ಫೀಡೋವಿಗೆ ಸಾಕ್ರಟೀಸನ ಬಾಯಲ್ಲಿ ದೊರೆಯಿತು.

ಆದರೂ ಒಂದು ತೊಡಕು ಉಳಿಯುತ್ತದೆ. ತತ್ತ್ವಜ್ಞಾನಕ್ಕೆ ವಾಸಿಯಾಗದ ಬಾಳು ಯಾವುದೂ ಇಲ್ಲವೆಂಬುದು ಫೀಡೋವಿನ ಮತವಾಗಿದ್ದಿತೆಂದು ಚಕ್ರವರ್ತಿ ಜೂಲಿಯನನು ಹೇಳುವನು. ಸಾಕ್ರಟೀಸನ ದೋಷವು ಹುಟ್ಟಿನದು; ಫೀಡೋವಿನ ಮೇಲೆ ಬಂದುದು ಪರರ ಬಲಾತ್ಕಾರ. ಅದಕ್ಕೆ ಚಿಕಿತ್ಸೆಯೇಕೆ? ಶುದ್ಧಿಯನ್ನು ಬಯಸಿದವನು ಹಳಿದವರ ಮಾತನ್ನು ಅರ್ಧ ಒಪ್ಪಿದಂತಾಯಿತು. ಅವರೋ ಅರ್ಧಕ್ಕೆ ತೃಪ್ತರಾಗಲಿಲ್ಲ: ಫೀಡೋ ಈಲಿಸಿನಲ್ಲಿ ತತ್ತ್ವಶಾಲೆಯನ್ನು ಸ್ಥಾಪಿಸಿ ತೀರಿಹೋದ ಮೇಲೂ, ಮುಂದಿನ ಶತಮಾನದ ಹಿಯರಾನಿಮಸನು ಅವನನ್ನು ಗುಲಾಮನೆಂದೇ ಜರೆದನು.