ಪದಗಳ ನಡುವಿನ ಮಾತು: ಶಿರೂರ ಅನಂತಪಾಳ ಸೀಮೆಯ ಭಜನೆಯ ರಾತ್ರಿಗಳು

1

ತತ್ವಪದಗಳನ್ನು ಕುರಿತ ಕನ್ನಡ ವಿದ್ವತ್ತು ಕಳೆದ ಕೆಲವು ದಶಕಗಳಲ್ಲಿ ಎರಡು ದೊಡ್ಡ ಕೆಲಸಗಳನ್ನು ಮಾಡಿದೆ. ಗಾಯಕರ ಬಾಯಲ್ಲಿ, ಮಠಗಳ ಕೈಬರಹಗಳಲ್ಲಿ ಹರಡಿಕೊಂಡಿದ್ದ ಪದಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದಿತು; ಹಾಗೆ ಬಂದ ಪದಗಳ ದರ್ಶನವನ್ನು ಚರ್ಚೆಗೆ ಒಳಪಡಿಸಿತು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ (1998), ಕಡಕೋಳ ಮಡಿವಾಳಪ್ಪನವರ ಪರಂಪರೆಯನ್ನು ಕುರಿತು ಮೀನಾಕ್ಷಿ ಬಾಳಿ ಅವರು ನಡೆಸಿದ ಅಧ್ಯಯನ, ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ಹೊರತಂದ ಸಮಗ್ರ ತತ್ವಪದಗಳ ಸಂಪುಟಮಾಲೆ ಇವೆಲ್ಲ ಇಲ್ಲದಿದ್ದರೆ ಈ ಬರಹಕ್ಕೆ ನೆಲೆಯೇ ಇರುತ್ತಿರಲಿಲ್ಲ. ಆ ಋಣವನ್ನು ಒಪ್ಪಿಕೊಂಡೇ ಒಂದು ಕೊರತೆಯನ್ನು ಹೇಳಬೇಕಾಗಿದೆ. ನಮ್ಮ ಸಂಪುಟಗಳ ಘಟಕ ‘ಪದ’. ಭಜನೆಯ ಘಟಕವಾದರೋ ‘ರಾತ್ರಿ’. ಒಂದು ರಾತ್ರಿಯಲ್ಲಿ ಯಾವ ಪದದ ಬೆನ್ನಿಗೆ ಯಾವ ಪದ ಬಂತು, ನಡುವೆ ಯಾರು ಏನು ಮಾತಾಡಿದರು, ಯಾವ ಮಾತಿಗೆ ಕೇಳುಗರು ಸುಮ್ಮನಾದರು ಎಂಬುದು ಅಚ್ಚಿಗೆ ಬರುವ ಹೊತ್ತಿಗೆ ಕಳಚಿ ಬಿದ್ದಿರುತ್ತದೆ. ಕನ್ನಡವೇ ಊರಿನ ಮಾತಾಗಿರುವ ಕಡೆ ಈ ನಷ್ಟ ಅಷ್ಟಾಗಿ ಕಾಣದು. ಶಿರೂರ ಅನಂತಪಾಳದಂಥ ಗಡಿ ಸೀಮೆಯಲ್ಲಿ ಹಾಗಲ್ಲ. ಅಲ್ಲಿ ಕಳಚಿ ಬೀಳುವ ಆ ಮಾತೇ ಕನ್ನಡವನ್ನು ಹಿಡಿದು ನಿಲ್ಲಿಸಿದ ಗೂಟ.

2

ಶಿರೂರ ಅನಂತಪಾಳ ಇಂದು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ತಾಲ್ಲೂಕು ಕೇಂದ್ರ. ಅದರ ನೆರೆಯ ನಿಲಂಗಾ, ಉದಗೀರಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಬಂದಿತು. ಅದರ ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಹೋದವು. 1982ರಲ್ಲಿ ಉಸ್ಮಾನಾಬಾದ ಒಡೆದು ಲಾತೂರು ಜಿಲ್ಲೆಯಾಯಿತು. ಉಮರಗಾ ಹಳೆಯ ಜಿಲ್ಲೆಯಲ್ಲೇ, ಇಂದಿನ ಧಾರಾಶಿವದಲ್ಲಿ, ಉಳಿಯಿತು. ಲಾತೂರಿನ ಪ್ರಾಚೀನ ಹೆಸರಾದ ಲಟ್ಟಲೂರನ್ನು ರಾಷ್ಟ್ರಕೂಟರು ತಮ್ಮ ಬಿರುದಿನಲ್ಲಿ ಧರಿಸಿದ್ದರು. ಅದೇ ಸೀಮೆಯ ಉದಗೀರದಲ್ಲಿ 2022ರ ಏಪ್ರಿಲ್‌ನಲ್ಲಿ 95ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಈ ಎರಡು ಸಂಗತಿಗಳನ್ನು ಎದುರುಬದುರು ನಿಲ್ಲಿಸಿ ವಾದಕ್ಕಿಳಿಯುವುದು ಸುಲಭ. ಶಂ.ಬಾ. ಜೋಶಿ ಕನ್ನಡದ ಕಡೆಯಿಂದ, ರಾ.ಚಿಂ. ಢೇರೆ ಮರಾಠಿಯ ಕಡೆಯಿಂದ ತೋರಿಸಿಕೊಟ್ಟಂತೆ, ಇಲ್ಲಿ ಒಂದರ ಬೇರು ಅಗೆದರೆ ಇನ್ನೊಂದರ ಬೇರು ಕೈಗೆ ಬರುತ್ತದೆ. ಭಜನೆಯ ರಾತ್ರಿಯಲ್ಲಿ ಆ ಬೇರುಗಳ ಹೆಣಿಗೆ ಇತಿಹಾಸದ ಪುಟವಲ್ಲ, ಕಣ್ಣೆದುರಿನ ನಡವಳಿಕೆ.

ಈ ಸೀಮೆಯ ಶಿವಭಜನೆಗೆ ಎರಡು ಭಾಷೆಗಳ ಬಂಡವಾಳವಿದೆ. ಕನ್ನಡದ ಕಡೆಯಿಂದ ನಿಜಗುಣ ಶಿವಯೋಗಿಗಳ ‘ಕೈವಲ್ಯ ಪದ್ಧತಿ’, ಸರ್ಪಭೂಷಣ ಶಿವಯೋಗಿಗಳ ಹಾಡುಗಳು, ಕಡಕೋಳ ಮಡಿವಾಳಪ್ಪನವರ ಬಳಗದ ಪದಗಳು. ಮರಾಠಿಯ ಕಡೆಯಿಂದ ಮನ್ಮಥಸ್ವಾಮಿಗಳ ಅಭಂಗಗಳು ಮತ್ತು ಅವರ ‘ಪರಮರಹಸ್ಯ’. ಬೀಡ ಜಿಲ್ಲೆಯ ಕಪಿಲಧಾರದಲ್ಲಿರುವ ಅವರ ಸಮಾಧಿಗೆ ಕಾರ್ತಿಕ ಹುಣ್ಣಿಮೆಯ ಯಾತ್ರೆಗೆ ಮರಾಠವಾಡದ ಲಿಂಗಾಯತರು ಸಾಲುಗಟ್ಟಿ ಹೋಗುತ್ತಾರೆ; ಶಿವನಾಮ ಸಪ್ತಾಹಗಳಲ್ಲಿ ‘ಪರಮರಹಸ್ಯ’ದ ಪಾರಾಯಣ ನಡೆಯುತ್ತದೆ. ನಿಜಗುಣರ ‘ವಿವೇಕ ಚಿಂತಾಮಣಿ’ 17ನೆಯ ಶತಮಾನದಷ್ಟು ಹಿಂದೆಯೇ ಮರಾಠಿಗೆ ಬಂದಿತ್ತೆಂಬುದನ್ನು ನೆನೆದರೆ, ಈ ಎರಡು ಬಂಡವಾಳಗಳೂ ಎಂದೂ ಪೂರ್ತಿ ಬೇರೆಯಾಗಿರಲಿಲ್ಲವೆಂಬುದು ತಿಳಿಯುತ್ತದೆ. ದಕ್ಷಿಣಕ್ಕೆ ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಪದ ಕಟ್ಟಿದರು. ಅಲ್ಲಿ ಹಲವು ಭಾಷೆಗಳು ಒಬ್ಬ ಕರ್ತೃವಿನಲ್ಲಿ ಕೂಡಿದವು. ಅವನ್ನು ಕಾಯಲು ಒಂದು ಸಂಸ್ಥಾನ ನಿಂತಿತು. ಹಳ್ಳಿಯ ಭಜನಾ ಮಂಡಳಿಯಲ್ಲಿ ಭಾಷೆಗಳು ಕೂಡುವುದು ಕರ್ತೃವಿನಲ್ಲಲ್ಲ, ಹಾಡಿನ ಸರದಿಯಲ್ಲಿ. ಆ ಸರದಿಯನ್ನು ಕಾಯಲು ಯಾವ ಸಂಸ್ಥಾನವೂ ಇಲ್ಲ.

3

ರಾತ್ರಿಯ ಕಟ್ಟಡವನ್ನು ನೋಡೋಣ. ಸೋಮವಾರ, ಅಮಾವಾಸ್ಯೆ, ಶ್ರಾವಣ, ಶಿವರಾತ್ರಿಯ ಜಾಗರಣೆ ಇವು ನಿಯತ ಸಂದರ್ಭಗಳು. ಏಕತಾರಿ, ತಾಳ, ಹಾರ್ಮೋನಿಯಂ, ತಬಲಾ. ವಾರಕರಿಗಳು ಬಂದು ಕೂತರೆ ಪಖವಾಜ. ಗಣಪತಿ ಮತ್ತು ಗುರುವಿನ ಸ್ತುತಿಯಿಂದ ಆರಂಭ. ಆಮೇಲೆ ಒಬ್ಬರು ಪದ ಹಚ್ಚುತ್ತಾರೆ, ಉಳಿದವರು ಪಲ್ಲವನ್ನು ಹಿಡಿಯುತ್ತಾರೆ. ಕೊನೆಗೆ ಕನ್ನಡದ ರೂಢಿಯಂತೆ ಮಂಗಳಾರತಿ, ಮರಾಠಿಯ ರೂಢಿಯಂತೆ ಭೈರವಿ ಅಥವಾ ಪಸಾಯದಾನ.

ಎರಡು ಭಾಷೆಯ ಹಾಡುಗಳು ಒಂದೇ ಮೇಳದಲ್ಲಿ ನಿಲ್ಲಲು ಛಂದಸ್ಸಿನ ಒಂದು ಅನುಕೂಲವಿದೆ. ಅಭಂಗದ ಧೃಪದವೂ ತತ್ವಪದದ ಪಲ್ಲವೂ ಒಂದೇ ಕೆಲಸವನ್ನು ಮಾಡುತ್ತವೆ: ಹಿಮ್ಮೇಳಕ್ಕೆ ಹಿಂದಿರುಗಿ ಬರಲು ಒಂದು ಮನೆ ಕೊಡುತ್ತವೆ. ಆದರೆ ಒಳಗಿನ ಕಟ್ಟು ಬೇರೆ. ದೊಡ್ಡ ಅಭಂಗ ಅಕ್ಷರಗಳ ಲೆಕ್ಕದ್ದು, ಆರು ಆರು ಆರು ನಾಲ್ಕು. ಅದರ ಪ್ರಾಸ ತುಂಡುಗಳ ಕೊನೆಯಲ್ಲಿ. ಕನ್ನಡ ಪದ ಬಹುಮಟ್ಟಿಗೆ ಮಾತ್ರೆಯ ನಡೆಯದ್ದು. ಅದರ ಪ್ರಾಸ ಸಾಲಿನ ಆರಂಭದಲ್ಲಿ, ಎರಡನೆಯ ಅಕ್ಷರದಲ್ಲಿ. ಒಂದು ಕಿವಿ ಸಾಲಿನ ಕೊನೆಗಾಗಿ ಕಾಯುತ್ತದೆ, ಇನ್ನೊಂದು ಮೊದಲಿಗೇ ಎಚ್ಚರಗೊಳ್ಳುತ್ತದೆ. ಅಭಂಗದಿಂದ ಪದಕ್ಕೆ ಹೊರಳುವಾಗ ಒಳ್ಳೆಯ ಮಂಡಳಿ ಈ ವ್ಯತ್ಯಾಸವನ್ನು ತಾಳದಿಂದ ಮುಚ್ಚಿಹಾಕುವುದಿಲ್ಲ; ಪದದ ಮೊದಲ ನುಡಿಯನ್ನು ತಾಳವಿಲ್ಲದೆ, ಶ್ರುತಿಯ ಮೇಲಷ್ಟೇ ಎತ್ತಿಕೊಂಡು ಕೇಳುಗರ ಕಿವಿಯನ್ನು ಸರಿಪಡಿಸುತ್ತದೆ. ಇದು ಕಲೆಗಾರಿಕೆ. ಇದನ್ನು ಗುರುತಿಸುವ ಮಾತುಗಳು ನಮ್ಮ ವಿಮರ್ಶೆಯಲ್ಲಿ ಇನ್ನೂ ಹುಟ್ಟಿಲ್ಲ.

ಶಾಲೆಯ ಭಾಷೆ ಮರಾಠಿಯಾದ್ದರಿಂದ ಕನ್ನಡ ಮನೆಮಾತಿನವರಿಗೂ ಕನ್ನಡ ಲಿಪಿ ಗೊತ್ತಿರಬೇಕೆಂದಿಲ್ಲ. ಅಂಥವರು ಪದಗಳನ್ನು ದೇವನಾಗರಿಯಲ್ಲಿ ಬರೆದಿಟ್ಟುಕೊಳ್ಳುವುದು ಸಹಜ. ಇಲ್ಲೊಂದು ಸೂಕ್ಷ್ಮವಿದೆ. ಮರಾಠಿಯ ದೇವನಾಗರಿಯಲ್ಲಿ ಹ್ರಸ್ವ ಎ–ಒಗಳಿಗೂ ದೀರ್ಘ ಏ–ಓಗಳಿಗೂ ಬೇರೆ ಬೇರೆ ಗುರುತುಗಳಿಲ್ಲ. ವಹಿಯಲ್ಲಿ ‘ಒಲೆ’ಯೂ ‘ಓಲೆ’ಯೂ ಒಂದೇ; ‘ಬೆಳೆ’ಯೂ ‘ಬೇಳೆ’ಯೂ ಒಂದೇ. ಮರಾಠಿಯ ಓದಿನಲ್ಲಿ ಪದಾಂತ್ಯದ ಅಕಾರ ಬಿದ್ದುಹೋಗಿ ‘ಬಸವ’ ‘ಬಸವ್’ ಆಗುತ್ತದೆ. ಹಾಡಿನಲ್ಲಿ ಆ ಅಕಾರ ಮರಳಿ ಬರುತ್ತದೆ, ಏಕೆಂದರೆ ಸ್ವರ ನಿಲ್ಲುವುದೇ ಅದರ ಮೇಲೆ. ಹ್ರಸ್ವ ದೀರ್ಘಗಳನ್ನು ಧಾಟಿ ಮತ್ತು ಕಲಿಸಿದವರ ಬಾಯಿ ಸರಿಪಡಿಸುತ್ತವೆ. ಹಾಗಾಗಿ ಆ ವಹಿ ಪಠ್ಯವಲ್ಲ, ನೆನಪಿನ ಸಲಕರಣೆ. ಕಲಿಸಿದ ಬಾಯಿ ಇಲ್ಲವಾದ ಮೇಲೆ ವಹಿಯೊಂದೇ ಉಳಿದರೆ ಓದಿದವನಿಗೆ ಒಲೆ ಉರಿಯಬೇಕಾದಲ್ಲಿ ಓಲೆ ಸಿಕ್ಕೀತು.

4

ಈಗ ಪದಗಳ ನಡುವಿನ ಮಾತಿಗೆ ಬರೋಣ. ಒಂದು ಪದ ಮುಗಿದ ಮೇಲೆ ಹಿರಿಯರೊಬ್ಬರು ಅದರ ಅರ್ಥ ಬಿಡಿಸುವ ರೂಢಿ ಭಜನೆಯಷ್ಟೇ ಹಳೆಯದು. ಗಡಿಯಲ್ಲಿ ಈ ರೂಢಿಗೆ ಇಮ್ಮಡಿ ಭಾರ. ಕೂತವರಲ್ಲಿ ಕನ್ನಡ ಆಡುವವರು, ಕೇಳಿ ತಿಳಿಯುವವರು, ಸ್ವರವನ್ನಷ್ಟೇ ಹಿಡಿಯುವವರು ಎಲ್ಲರೂ ಇರುತ್ತಾರೆ. ದೇಹವನ್ನು ಒಂಬತ್ತು ಬಾಗಿಲ ಮನೆಯೆಂದು ಹೇಳುವ ಪದವೊಂದು ಬಂತೆನ್ನಿ. ಅರ್ಥ ಹೇಳುವವರು ಅದನ್ನು ಕನ್ನಡದಲ್ಲೊಮ್ಮೆ ಬಿಚ್ಚುತ್ತಾರೆ, ಮರಾಠಿಯಲ್ಲೊಮ್ಮೆ ಮುಟ್ಟಿಸುತ್ತಾರೆ. ಅದೇ ಮನೆಯ ರೂಪಕವಿರುವ ಅಭಂಗ ಗೊತ್ತಿದ್ದವರು ಅದನ್ನು ಎತ್ತಿಕೊಳ್ಳುತ್ತಾರೆ. ರೂಪಕವೊಂದು ಭಾಷೆಯ ಹೊಸ್ತಿಲು ದಾಟಿತು.

ಇದನ್ನು ಬರಿಯ ಅನುವಾದವೆನ್ನಲಾಗದು. ‘ಬಯಲು’ ಎಂಬ ಮಾತನ್ನು ತೆಗೆದುಕೊಳ್ಳಿ. ಶರಣರಿಂದ ತತ್ವಪದಕಾರರವರೆಗೆ ಇಡೀ ಪರಂಪರೆಯ ಭಾರ ಹೊತ್ತ ಮಾತಿದು. ಮರಾಠಿ ಕೇಳುಗರಿಗೆ ಅದನ್ನು ‘ಶೂನ್ಯ’ ಎಂದು ಹೇಳಬಹುದು. ಆಗ ಅದು ಶಾಸ್ತ್ರವಾಗುತ್ತದೆ. ‘ನಿರಾಕಾರ’ ಎನ್ನಬಹುದು, ಆಗ ಅದು ದೇವರ ವಿಶೇಷಣವಾಗುತ್ತದೆ. ಎರಡೂ ಭಾಷೆಗೆ ಸೇರಿದ ‘ಮಾಳ’ ಎಂಬ ಮಾತನ್ನು ಆರಿಸಿಕೊಂಡರೆ ಊರಾಚೆಯ ಗಾಳಿ ಬೀಸುವ ಬಿರು ನೆಲ ಕಣ್ಣೆದುರು ಬರುತ್ತದೆ. ‘ಬಯಲು’ ಎಂಬ ಕನ್ನಡ ಮಾತಿನಲ್ಲಿ ತತ್ವಕ್ಕೆ ಮೊದಲು ಇದ್ದದ್ದೂ ಅದೇ ನೆಲ. ಹಾಗೆಯೇ ‘ಅರಿವು’ ಎಂಬುದಕ್ಕೆ ‘ಜ್ಞಾನ’ ಎಂದರೆ ಪೋಥಿ ತೆರೆದುಕೊಳ್ಳುತ್ತದೆ. ‘ಜಾಣೀವ’ ಎಂದರೆ ಮೈ ಎಚ್ಚರಗೊಳ್ಳುತ್ತದೆ. ಇಂಥ ಆಯ್ಕೆಗಳನ್ನು ಮಾಡುವವರು ವಿಮರ್ಶಕರಲ್ಲದೆ ಮತ್ತೇನು? ನಾವು ವಿಚಾರಸಂಕಿರಣಗಳಲ್ಲಿ ಪರಿಭಾಷೆಯೆಂದು ಪರದಾಡುವುದನ್ನು ಅವರು ಮುಂದಿನ ಪದ ಹಚ್ಚುವುದರೊಳಗೆ ತೀರ್ಮಾನಿಸಬೇಕು. ತೀರ್ಮಾನ ತಪ್ಪಿದರೆ ಕೇಳುಗರ ಮುಖದಲ್ಲೇ ಅದು ಗೊತ್ತಾಗುತ್ತದೆ. ಈ ಸೀಮೆಯ ಮಗುವೊಂದಕ್ಕೆ ಮನೆಯ ಮಾತನ್ನು ಮೀರಿದ ಕನ್ನಡ, ಅಂದರೆ ರೂಪಕದ ಕನ್ನಡ, ವಿಚಾರದ ಕನ್ನಡ, ಸಿಗುವ ತಾಣ ಬಹುಶಃ ಇದೊಂದೇ.

ಸಾವಿನ ಮನೆಯ ಭಜನೆಯಲ್ಲಿ ಇದರ ಬೆಲೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಲಿಂಗಾಯತ ಮನೆಗಳಲ್ಲಿ ಶವವನ್ನು ಕೂರಿಸಿ ಅದರೆದುರು ಇರುಳೆಲ್ಲ ಭಜನೆ ನಡೆಸುವ ರೂಢಿಯಿದೆ. ಅಲ್ಲಿ ವೇದಿಕೆಯಿಲ್ಲ, ಚಪ್ಪಾಳೆಯಿಲ್ಲ. ನೆರೆಯವರು ಭಾಷೆ ನೋಡಿ ಬರುವುದಿಲ್ಲ, ಸಾವು ನೋಡಿ ಬರುತ್ತಾರೆ. ಕಾಯದ ಅನಿತ್ಯವನ್ನು ಹೇಳುವ ಕನ್ನಡ ಪದ ಆ ಮನೆಯ ಮಕ್ಕಳಿಗೆ ಅರ್ಥವಾಗಬೇಕೆಂದರೆ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಹೇಳುವವರಿಲ್ಲದಿದ್ದರೆ ತಮ್ಮ ಹಿರಿಯರನ್ನು ತಮಗೇ ತಿಳಿಯದ ಹಾಡಿನೊಂದಿಗೆ ಮಕ್ಕಳು ಬೀಳ್ಕೊಡಬೇಕಾಗುತ್ತದೆ.

5

ಇಷ್ಟು ಹೇಳಿದ ಮೇಲೆ ಭಜನೆಯ ರಾತ್ರಿಯನ್ನು ಸೌಹಾರ್ದದ ಚಿತ್ರಪಟವಾಗಿಸುವ ಆಸೆಯಿಂದ ದೂರವಿರಬೇಕು. ಯಾರು ಎಲ್ಲಿ ಕೂರಬೇಕೆಂಬುದನ್ನು ಜಾತಿ ನಿರ್ಧರಿಸಿದ ಊರುಗಳಲ್ಲಿ ಭಜನೆಯ ಜಾಗವೂ ಅದಕ್ಕೆ ಹೊರತಾಗಿರಲಿಲ್ಲ. ಅನೇಕ ಕಡೆ ಹೆಣ್ಣುಮಕ್ಕಳು ಕೇಳುಗರಾಗಿಯೇ ಉಳಿದರು. ಅವರದೇ ಮಂಡಳಿಗಳು ಎದ್ದ ಕಡೆಯೂ ಅರ್ಥ ಹೇಳುವ ಅಧಿಕಾರ ಅವರ ಕೈಗೆ ಸುಲಭವಾಗಿ ಬಂದಿಲ್ಲ. ಕಳಪೆ ರಾತ್ರಿಗಳೂ ಉಂಟು. ಸಿನಿಮಾ ಧಾಟಿಗೆ ಪದವನ್ನು ತುರುಕಿದಾಗ ಎರಡನೆಯ ಅಕ್ಷರದ ಪ್ರಾಸ ಸಾಯುತ್ತದೆ. ಧ್ವನಿವರ್ಧಕ ಕೂಗಿದಾಗ ಏಕತಾರಿ ಮೂಕವಾಗುತ್ತದೆ. ಅರ್ಥ ಹೇಳುವವರು ತಮ್ಮ ಪಾಂಡಿತ್ಯಕ್ಕೆ ಮರುಳಾದರೆ ಪದ ಪ್ರವಚನದಡಿ ಹೂತುಹೋಗುತ್ತದೆ. ವಿಮರ್ಶೆ ಇವನ್ನು ಹೇಳಬೇಕು. ಜನಪದವೆಂಬ ಕಾರಣಕ್ಕೆ ಎಲ್ಲವನ್ನೂ ಹೊಗಳುವುದು ಇನ್ನೊಂದು ಬಗೆಯ ಅನಾದರ.

ಹೆಚ್ಚಿನ ಅಪಾಯ ಇರುವುದು ನಮ್ಮ ಪ್ರೋತ್ಸಾಹದ ವಿಧಾನದಲ್ಲಿ. ಸ್ಪರ್ಧೆಯ ವೇದಿಕೆ ಒಂದು ಮಂಡಳಿಗೆ ಕೆಲವೇ ನಿಮಿಷ ಕೊಡುತ್ತದೆ. ಸ್ವರ, ತಾಳ, ಉಚ್ಚಾರಗಳಿಗೆ ಅಂಕ ಹಾಕುತ್ತದೆ. ಆ ನಿಮಿಷಗಳಲ್ಲಿ ಮೊದಲು ಹೊರಬೀಳುವುದು ಅರ್ಥದ ಮಾತು. ಎರಡನೆಯದು ಇನ್ನೊಂದು ಭಾಷೆಯ ಹಾಡು. ಕನ್ನಡದ ಉತ್ಸವಕ್ಕೆ ಹೋದ ಮಂಡಳಿ ಅಭಂಗವನ್ನು ಮನೆಯಲ್ಲಿ ಬಿಟ್ಟು ಹೋಗುತ್ತದೆ, ಮರಾಠಿಯ ಉತ್ಸವಕ್ಕೆ ಹೋದದ್ದು ಪದವನ್ನು. ಎರಡು ರಾಜ್ಯಗಳೂ ಒಳ್ಳೆಯ ಉದ್ದೇಶದಿಂದಲೇ ಒಂದು ರಾತ್ರಿಯನ್ನು ಎರಡಾಗಿ ಸೀಳುತ್ತವೆ. ನಮ್ಮ ಸಂಪುಟಗಳೂ, ಬೇರೆ ಕಾರಣಕ್ಕೆ, ಅದನ್ನೇ ಮಾಡುತ್ತವೆ.

ಬೇರೆ ಮಾದರಿ ಇಲ್ಲವೆಂದಲ್ಲ. ಮಹಾರಾಷ್ಟ್ರದಲ್ಲಿ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವೆ ತಮ್ಮ ಸಂಗಡಿಗರೊಂದಿಗೆ ಬೀಸುಕಲ್ಲಿನ ಓವಿಗಳನ್ನು ಒಂದು ಲಕ್ಷಕ್ಕೂ ಮಿಕ್ಕಿ ಸಂಗ್ರಹಿಸಿದಾಗ ಹಾಡಿದವರ ಹೆಸರು, ಊರುಗಳನ್ನು ಹಾಡಿನಿಂದ ಬೇರ್ಪಡಿಸಲಿಲ್ಲ. ಮುಂದೆ ‘ಪರಿ’ ಜಾಲತಾಣ ಅವನ್ನು ಪ್ರಕಟಿಸತೊಡಗಿದಾಗ ಧ್ವನಿಯೂ ಹಾಡುಗಾರ್ತಿಯರ ಮಾತೂ ಜೊತೆಗೆ ಬಂದವು. ಗಡಿಯ ಭಜನೆಗೂ ಇಷ್ಟಾದರೂ ಸಲ್ಲಬೇಕು: ಪದವನ್ನಲ್ಲ, ಇಡೀ ರಾತ್ರಿಯನ್ನು ದಾಖಲಿಸಬೇಕು, ಹಾಡಿನ ಸರದಿಯನ್ನು ಎರಡೂ ಭಾಷೆಗಳ ಸಮೇತ ಬರೆದುಕೊಳ್ಳಬೇಕು, ದೇವನಾಗರಿಯ ವಹಿಯನ್ನು ತಿದ್ದದೆ ಹಾಗೆಯೇ ಅಚ್ಚು ಮಾಡಿ, ಎದುರು ಪುಟದಲ್ಲಿ ಹಾಡಿದ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಕೊಡಬೇಕು, ಅರ್ಥದ ಮಾತನ್ನು ಅಡಿಟಿಪ್ಪಣಿಗೆ ತಳ್ಳದೆ ಪಠ್ಯವೆಂದೇ ಎಣಿಸಬೇಕು. ಎರಡೂ ಭಾಷೆ ಬಲ್ಲ ಸಂಶೋಧಕರು ನಮ್ಮಲ್ಲಿ ಇದ್ದಾರೆ. ಕಡಿಮೆಯಾಗುತ್ತಿರುವವರು ಅರ್ಥ ಹೇಳುವವರು.

ಹಾಡು ಉಳಿಯುತ್ತದೆ, ಅದರ ಬಗ್ಗೆ ನನಗೆ ಆತಂಕವಿಲ್ಲ. ಧಾಟಿಗೆ ಆಯಸ್ಸು ಹೆಚ್ಚು. ಅರ್ಥ ತಿಳಿಯದವರೂ ಹಾಡನ್ನು ಹಾಡುತ್ತಾ ಹೋಗಬಲ್ಲರು. ಆದರೆ ಪದ ಮುಗಿದ ಮೇಲೆ ತಾಳ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ‘ಇದರ ಅರ್ಥ ಏನಂದರೆ’ ಎಂದು ಮಾತು ಶುರುಮಾಡುವ ಒಬ್ಬರು ಆ ಮೇಳದಲ್ಲಿ ಇರುವವರೆಗೆ ಮಾತ್ರ ಶಿರೂರ ಅನಂತಪಾಳದ ಕನ್ನಡ ಬದುಕಿದ ಭಾಷೆ. ನಮ್ಮ ಧ್ವನಿಮುದ್ರಕಗಳನ್ನು ನಾವು ಸಾಮಾನ್ಯವಾಗಿ ನಿಲ್ಲಿಸುವುದು ಅದೇ ಗಳಿಗೆಯಲ್ಲಿ.