ಇಪ್ಪತ್ತೆಂಟು ಕೀಲುಗಳ ಲೆಕ್ಕ

ರುಮಟಾಯ್ಡ್ ಸಂಧಿವಾತದ ತೀವ್ರತೆಯನ್ನಳೆಯಲು ನೆದರ್ಲೆಂಡ್ಸಿನ ವೈದ್ಯರು 1995ರಲ್ಲಿ ಪ್ರಕಟಿಸಿದ ‘ಡಿಎಎಸ್ 28’ ಎಂಬ ಸೂಚ್ಯಂಕವು ಇಂದು ಬಹುಮಾನ್ಯವಾಗಿದೆ. ಭುಜ, ಮೊಣಕೈ, ಮಣಿಕಟ್ಟು, ಕೈಬೆರಳು, ಮಂಡಿಗಳ 28 ಕೀಲುಗಳಲ್ಲಿ ನೋವು ಬಾವುಗಳನ್ನೆಣಿಸಿ, ರಕ್ತದ ಇ.ಎಸ್.ಆರ್. ಅನ್ನೂ ರೋಗಿಯ ಸ್ವಂತ ಅಂದಾಜನ್ನೂ ಕೂಡಿಸುವುದು ಇದರ ಕ್ರಮ. ಎಣಿಕೆ ಸುಲಭವಾಯಿತು, ನಿಜ. ಆದರೆ ಪಾದಗಳು ಲೆಕ್ಕದಿಂದಲೇ ಹೊರಬಿದ್ದವು. ಈ ರೋಗವು ಎಷ್ಟೋ ವೇಳೆ ಕಾಲ್ಬೆರಳ ಬುಡದಲ್ಲಿಯೇ ಮೊದಲು ತಲೆದೋರುವುದನ್ನು ನೆನೆದರೆ ಈ ಲೋಪವು ಅಲ್ಪವೆಂದು ನಮಗೆ ತೋರುವುದಿಲ್ಲ.

ಅಂಕವು 2.6ಕ್ಕಿಂತ ಇಳಿದರೆ ರೋಗ ಶಮನವಾಯಿತೆನ್ನುವರು. ಪಾದವೂದಿ ನಡೆಯಲಾರದ ಒಬ್ಬಳನ್ನು ಊಹಿಸೋಣ: ಇ.ಎಸ್.ಆರ್. 10, ಅವಳ ಅಂದಾಜು ನೂರಕ್ಕೆ 50, ಎಣಿಸುವ ಕೀಲುಗಳೆಲ್ಲ ಸ್ವಸ್ಥ. ಅಂಕ ಸುಮಾರು 2.3! ಔಷಧವನ್ನು ತಗ್ಗಿಸುವ ಮುನ್ನ ಪಾದರಕ್ಷೆಯನ್ನು ಕಳಚಿಸಿ ನೋಡಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.