ಕಪಾಟಿನ ಕ್ಯಾಮೆರಾಕ್ಕೆ ಬೆಲೆ ಕಟ್ಟುವಾಗ

ಸಿಂಗಸಂದ್ರದ ಅಪಾರ್ಟ್‌ಮೆಂಟುಗಳ ಕಪಾಟುಗಳಲ್ಲಿ ಎಷ್ಟೊಂದು ಒಳ್ಳೆಯ ಕ್ಯಾಮೆರಾಗಳು ಸುಮ್ಮನೆ ಕೂತಿವೆ! ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕ ಹೊಸದರಲ್ಲೋ ಮಗು ಹುಟ್ಟಿದ ವರ್ಷವೋ ಕೊಂಡ ನಿಕಾನ್ ಡಿ5600, ಕ್ಯಾನನ್ 1500ಡಿ. ಮೊಬೈಲ್ ಕ್ಯಾಮೆರಾ ಚೆನ್ನಾದ ಮೇಲೆ ಬ್ಯಾಗಿನಿಂದ ಹೊರಬಿದ್ದಿಲ್ಲ. ಅದೇ ಹೊಸೂರು ರಸ್ತೆಯಲ್ಲಿ ಮುಂದೆ ಹೋದರೆ ಅತ್ತಿಬೆಲೆ, ಆನೇಕಲ್ ಕಡೆಯ ಹುಡುಗರು ನಾಮಕರಣ, ಗೃಹಪ್ರವೇಶದ ಫೋಟೊ ತೆಗೆಯಲು ಕೈಗೆಟಕುವ ಬಾಡಿ ಹುಡುಕುತ್ತಿರುತ್ತಾರೆ. ಇಬ್ಬರ ನಡುವೆ ಅಡ್ಡ ನಿಲ್ಲುವುದು ಹಳೆಯ ಬಿಲ್ಲು.

‘ಐವತ್ತು ಸಾವಿರ ಕೊಟ್ಟಿದ್ದೆ, ಅರ್ಧವಾದರೂ ಬರಬೇಡವೇ?’ ಎನ್ನುತ್ತಾರೆ ಮಾರುವವರು. ಬರುವುದು ಕಷ್ಟ. 2018ರಲ್ಲಿ ಕೊಂಡಿದ್ದರೆ ಆ ಬಿಲ್ಲಿನಲ್ಲಿ ಶೇ 28 ಜಿಎಸ್‌ಟಿ ಸೇರಿದೆ. 2019ರ ಜನವರಿ 1ರಿಂದ ಅದು ಶೇ 18ಕ್ಕೆ ಇಳಿಯಿತು. ನೀವು ಕಟ್ಟಿದ ತೆರಿಗೆಯನ್ನು ಗಿರಾಕಿ ತುಂಬಿಕೊಡುವುದಿಲ್ಲ. ನಿಕಾನಿನ ಝಡ್, ಕ್ಯಾನನ್ನಿನ ಆರ್‌ಎಫ್ ಮೌಂಟ್ ಬಂದದ್ದೂ 2018ರಲ್ಲೇ. ಕಂಪನಿಗಳ ಗಮನ ಮಿರರ್‌ಲೆಸ್ ಕಡೆ ಹೊರಳಿದ್ದರಿಂದ ಡಿಎಸ್‌ಎಲ್‌ಆರ್ ಬಾಡಿಗಳ ಬೆಲೆ ಕುಸಿಯಿತು. ಕ್ಯಾಮೆರಾದಲ್ಲಿ ಇನ್ನೆಷ್ಟು ದುಡಿಮೆ ಬಾಕಿ ಇದೆಯೋ ಅದಕ್ಕೇ ಬೆಲೆ ಕಟ್ಟಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಾಡಿಯ ಮಟ್ಟಿಗೆ ಈ ಬಾಕಿ ತಿಳಿಸುವುದು ಶಟರ್ ಕೌಂಟ್. ಡಿ750ರ ಶಟರನ್ನು ಕಂಪನಿ 1,50,000 ಕ್ಲಿಕ್ಕಿಗೆ, ಡಿ850ರದನ್ನು 2,00,000 ಕ್ಲಿಕ್ಕಿಗೆ ಪರೀಕ್ಷಿಸಿದೆ. ನಿಕಾನ್ ಡಿಎಸ್‌ಎಲ್‌ಆರ್ ತೆಗೆದ ಫೋಟೊ ಫೈಲಿನೊಳಗೇ ಈ ಲೆಕ್ಕ ದಾಖಲಾಗಿರುತ್ತದೆ; 1500ಡಿ ಹಾಗೆ ಬರೆದಿಡುವುದಿಲ್ಲ, ಕೇಬಲ್ ಹಾಕಿ ಬೇರೆ ಸಾಫ್ಟ್‌ವೇರಿನಿಂದ ಓದಬೇಕು. ಫೈಲಿನ ಹೆಸರಿನಲ್ಲಿರುವ ಸಂಖ್ಯೆ ತೋರಿಸಿ ‘ಮೂರೇ ಸಾವಿರ ಕ್ಲಿಕ್’ ಎನ್ನುವವರಿದ್ದಾರೆ. ಆ ಸಂಖ್ಯೆ 9999 ಮುಟ್ಟಿದ ಮೇಲೆ ಮತ್ತೆ ಒಂದರಿಂದ ಶುರುವಾಗುತ್ತದೆ.

ಲೆನ್ಸಿನ ಕಥೆಯೇ ಬೇರೆ, ಅದನ್ನು ಬಾಡಿಯ ಜತೆ ಗಂಟು ಕಟ್ಟಿ ಮಾರಬೇಡಿ. ಕಿಟ್ ಲೆನ್ಸಿಗೆ ದುಡ್ಡಿಲ್ಲ, ಹೋಗಲಿ. ಆದರೆ ಕ್ಯಾನನ್ 70–200 ಎಫ್2.8ರಂಥ ಗಾಜು ಬಾಡಿಗಿಂತ ಎಷ್ಟೋ ನಿಧಾನವಾಗಿ ಬೆಲೆ ಕಳೆದುಕೊಳ್ಳುತ್ತದೆ. 1987ರ ಇಎಫ್ ಮೌಂಟಿನ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಇಂದಿನ ಆರ್‌ಎಫ್ ಕ್ಯಾಮೆರಾಗಳಲ್ಲೂ ತಾವಾಗಿ ಫೋಕಸ್ ಮಾಡುತ್ತವೆ, ಅದೇ ಕಾರಣ. ನಿಕಾನಿನಲ್ಲಿ ಎಚ್ಚರ ಬೇಕು. 50 ಎಂಎಂ ಎಫ್1.8ಡಿ ಲೆನ್ಸಿಗೆ ಸ್ವಂತ ಮೋಟಾರಿಲ್ಲ. ಡಿ5600ರಲ್ಲಾಗಲಿ ಎಫ್‌ಟಿಝಡ್ ಅಡಾಪ್ಟರ್ ಹಾಕಿದ ಝಡ್ ಬಾಡಿಯಲ್ಲಾಗಲಿ ಕೈಯಲ್ಲೇ ಫೋಕಸ್ ಮಾಡಬೇಕು. ಗಿರಾಕಿಯ ಬಾಡಿ ಯಾವುದೆಂದು ಕೇಳದೆ ಇದನ್ನು ಮಾರುವುದು ಮೋಸ. ಮೊದಲ ಸಂಪಾದನೆಯನ್ನೆಲ್ಲ ಸುರಿದು ಕೊಳ್ಳುವ ಹುಡುಗನಿಗೆ ಹೀಗಾದರೆ ನನಗೆ ನಿಜಕ್ಕೂ ಸಂಕಟ.

ಲೆನ್ಸಿನ ದೊಡ್ಡ ಶತ್ರು ಬೂಷ್ಟು. ಮಳೆಗಾಲದ ತೇವ ಹೀರಿದ ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬುತ್ತದೆ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಆರಂಭದಲ್ಲೇ ಸಿಕ್ಕರೆ ಬಿಚ್ಚಿ ಒರೆಸಬಹುದು. ಕೋಟಿಂಗ್ ತಿಂದುಬಿಟ್ಟಿದ್ದರೆ ಆ ಕಲೆ ಹೋಗದು. ಸೆನ್ಸರಿನ ಧೂಳಿಗೆ ಎಫ್16ರಲ್ಲಿ ಬಿಳಿ ಗೋಡೆಯ ಒಂದು ಫೋಟೊ ಸಾಕು. ಕಂಡ ದೋಷವನ್ನೆಲ್ಲ ಬೆಲೆ ಹೇಳುವ ಮೊದಲೇ ಹೇಳಿ, ಸರಿಪಡಿಸುವ ಖರ್ಚನ್ನು ನೀವೇ ಕಳೆಯಿರಿ. ಆಮೇಲೆ ಚೌಕಾಸಿಗೆ ಉಳಿಯುವುದು ತೀರ ಕಡಿಮೆ.

ಮಾರುವ ಕಾಲವನ್ನೂ ನೋಡಬೇಕು. ಆಷಾಢದಲ್ಲಿ ಮದುವೆಗಳಿಲ್ಲ, ಸ್ಟುಡಿಯೊದವರ ಕೈ ಬಿಗಿ. ಕೊಳ್ಳುವವರಿಗೆ ಅದು ಒಳ್ಳೆಯ ತಿಂಗಳು. ಮಾರುವವರು ಶ್ರಾವಣದ ಮುಹೂರ್ತಗಳು ಹತ್ತಿರವಾಗುವವರೆಗೆ ಕಾಯಲಿ. ಅದಕ್ಕಿಂತ ಹೆಚ್ಚು ಕಾಯುವುದರಲ್ಲಿ ಲಾಭವಿಲ್ಲ.

2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೊ ಸಿಂಗಸಂದ್ರದಲ್ಲಿ ನಿಲ್ಲುತ್ತಿದೆ. ಬೊಮ್ಮಸಂದ್ರದಿಂದ ಗಿರಾಕಿ ಬರುವುದು ಸುಲಭ. ಬಂದವರು ತಮ್ಮದೇ ಮೆಮೊರಿ ಕಾರ್ಡ್ ಹಾಕಿ ಇಪ್ಪತ್ತು–ಮೂವತ್ತು ಫೋಟೊ ತೆಗೆಯಲಿ, ಮನೆಗೆ ಒಯ್ದು ದೊಡ್ಡ ಪರದೆಯಲ್ಲಿ ನೋಡಲಿ, ಮರುದಿನ ಹಣ ಕೊಡಲಿ. ಬಾಡಿ, ಲೆನ್ಸುಗಳ ಸೀರಿಯಲ್ ನಂಬರ್ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿ, ಹಳೆಯ ಬಿಲ್ಲನ್ನು ಅದರ ಜತೆ ಕೊಟ್ಟುಬಿಡಿ.